ಅಸಿಸ್ಟಿಗೆ ಒಂದು ಗೆರೆ

ಕ್ರೀಡಾಪುಟದಲ್ಲಿ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಅಚ್ಚಾಗುವುದು ಅಂಕಿಪಟ್ಟಿ. ಯಾರು ಎಷ್ಟು ಅಂಕ ಗಳಿಸಿದರು, ಎಷ್ಟು ಸಲ ಚೆಂಡನ್ನು ಬುಟ್ಟಿಗೆ ಎಸೆದರು, ಎಷ್ಟು ಸಲ ತಪ್ಪಿದರು, ಯಾರ ಪಾಸಿನಿಂದ ಯಾರು ಅಂಕ ಮಾಡಿದರು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ಇರುತ್ತದೆ. ಕುವೈತಿನ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಆ ಸಾಲುಗಳನ್ನು ಬರೆಯುವುದೇ ಇಪ್ಪತ್ತಾರು ವರ್ಷ ನನ್ನ ಕೆಲಸವಾಗಿತ್ತು. ಕಳೆದ ವರ್ಷ ಕೆಲಸ ಬಿಟ್ಟೆ. ಗಂಡ ಇನ್ನೂ ಆಸ್ಪತ್ರೆಯ ಲ್ಯಾಬಿನಲ್ಲಿ ಇರುವುದರಿಂದ ಅವರ ಇಕಾಮಾದ, ಅಂದರೆ ವಾಸದ ಪರವಾನಗಿಯ ಮೇಲೆ ಸಾಲ್ಮಿಯಾದಲ್ಲೇ ಉಳಿದಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, ಕೂಡಿಸುವುದು ಕಳೆಯುವುದು ಎಲ್ಲ ಕಂಪ್ಯೂಟರೇ ಮಾಡುತ್ತದಲ್ಲ, ಹಾಗಾದರೆ ಈ ಕೆಲಸದಲ್ಲಿ ಕಲಿಯಬೇಕಾದದ್ದು ಏನು ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ಉತ್ತರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಉಳಿದದ್ದು ಇಲ್ಲಿದೆ.

ನಾನು ಆ ಕಚೇರಿಗೆ ಸೇರಿದ್ದು ಟೈಪಿಸ್ಟ್ ಆಗಿ. ಊರು ಕಾರ್ಕಳದ ಹತ್ತಿರ. ಶಾಲೆಯಲ್ಲಿ ಥ್ರೋಬಾಲ್ ಆಡಿದ್ದು ಬಿಟ್ಟರೆ ಆಟದ ಗಂಧ ಇರಲಿಲ್ಲ. ಶುವೈಖಿನ ಆ ಕಟ್ಟಡದಲ್ಲಿ ಕ್ರೀಡಾ ವಿಭಾಗಕ್ಕೆ ಮೂರು ಮೇಜು, ಎರಡು ಫೋನ್. ಕ್ರೀಡಾಂಗಣದಿಂದ ಯಾರೋ ಫೋನಿನಲ್ಲಿ ಅಂಕಗಳನ್ನು ಓದಿ ಹೇಳುವುದು, ನಾನು ಟೈಪ್ ಮಾಡುವುದು. ಹಿಂದಿನಿಂದ ಜನ ಕೂಗಾಡುವ ಸದ್ದಿನಲ್ಲಿ ಹದಿಮೂರು ಮೂವತ್ತಾಗಿ ಕೇಳಿಸುತ್ತಿತ್ತು. ಒಂದು ವಾರ ಒಬ್ಬ ಲೆಬನಾನಿನ ಆಟಗಾರನ ಅಂಕಗಳನ್ನೆಲ್ಲ ಇನ್ನೊಬ್ಬನ ಹೆಸರಿಗೆ ಹಾಕಿಬಿಟ್ಟೆ. ಮೊದಲಿನವನು ಅಂಗಿ ಹರಿದದ್ದರಿಂದ ಬಿಡುವಿನ ನಂತರ ಬೇರೆ ಸಂಖ್ಯೆಯ ಅಂಗಿ ತೊಟ್ಟು ಆಡಿದ್ದನಂತೆ. ಫೋನಿನಲ್ಲಿ ಓದಿದವನು ಸಂಖ್ಯೆ ಮಾತ್ರ ಓದಿದ್ದ. ನಾನು ಸಂಖ್ಯೆಯನ್ನು ನಂಬಿದ್ದೆ.

ನಮ್ಮ ವಿಭಾಗದ ಮುಖ್ಯಸ್ಥರು ಸೂಡಾನಿನವರು, ಹೆಸರು ಹಾಶಿಮ್. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಆ ಪುಟವನ್ನು ನನ್ನ ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ಸಿಸಿಲಿಯಾ, ಈ ಅಂಕಿಯನ್ನು ಕಣ್ಣಾರೆ ಕಂಡವರು ಯಾರು?" ಎಂದಷ್ಟೇ ಕೇಳಿದರು. ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲದಿದ್ದರೆ ಅದು ಅಂಕಿಯಲ್ಲ, ವದಂತಿ," ಎಂದರು. ಆಮೇಲೆ ತಿದ್ದುಪಡಿ ಬರೆಯಲು ಹೇಳಿದರು. ತಪ್ಪು ಅಚ್ಚಾದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಬರಬೇಕು ಎಂಬುದು ಅವರ ನಿಯಮ. ಬೇರೆ ಪತ್ರಿಕೆಗಳಲ್ಲಿ ತಿದ್ದುಪಡಿ ಮೂಲೆಯಲ್ಲಿ ಬರುತ್ತದೆ, ನಮ್ಮಲ್ಲಿ ಮಾತ್ರ ಮಾನ ಹೋಗುವಂತೆ ಬರುತ್ತದೆ ಎಂದು ಪಕ್ಕದ ಮೇಜಿನವರು ಗೊಣಗುತ್ತಿದ್ದರು.

ಫೋನ್ ಹೋಗಿ ಫ್ಯಾಕ್ಸ್ ಬಂತು. ಫ್ಯಾಕ್ಸ್ ಹೋಗಿ ಹಾಳೆಯ ಫೋಟೊ ವಾಟ್ಸಾಪಿನಲ್ಲಿ ಬರತೊಡಗಿತು. ಆಮೇಲೆ ಪ್ರತಿ ಪಾಸಿಗೂ ಒಂದು ಗುಂಡಿ ಒತ್ತುವ ಪ್ರೋಗ್ರಾಂ ಬಂತು. ಟೈಪಿಸ್ಟಾಗಿದ್ದವಳನ್ನು ನಡುವೆ ಎಲ್ಲೋ ಅಂಕಿಅಂಶದವಳು ಎಂದು ಕರೆಯತೊಡಗಿದರು. ಒಮ್ಮೆ ಒಬ್ಬ ತರಬೇತುದಾರ ಖರ್ಜೂರದ ಡಬ್ಬಿ ಹಿಡಿದು ಬಂದು, ತನ್ನ ತಂಗಿಯ ಮಗನ ರೀಬೌಂಡುಗಳನ್ನು, ಅಂದರೆ ಬುಟ್ಟಿ ತಪ್ಪಿ ಪುಟಿದ ಚೆಂಡನ್ನು ಹಿಡಿದ ಲೆಕ್ಕವನ್ನು, ಸ್ವಲ್ಪ "ನೋಡಿಕೊಳ್ಳಿ" ಎಂದ. ಉಸ್ತಾದರು ಡಬ್ಬಿ ತೆರೆದು ಎಲ್ಲರಿಗೂ ಹಂಚಿದರು, ಅವನಿಗೂ ಒಂದು ಕೊಟ್ಟರು, ರೀಬೌಂಡ್ ಇದ್ದಷ್ಟೇ ಅಚ್ಚಾಯಿತು. ಆ ಮನುಷ್ಯ ಮತ್ತೆ ಬರಲಿಲ್ಲ. ಇಂಥವನ್ನು ತಡೆಯುವುದು ಸುಲಭ. ಎದುರಿಗೆ ಡಬ್ಬಿ ಕಾಣುತ್ತದೆ. ನಾನು ಹೇಳಹೊರಟದ್ದು ಕಾಣದೆ ಇದ್ದ ತಪ್ಪಿನ ಬಗ್ಗೆ.

ಇಲ್ಲಿ ಶುಕ್ರವಾರಗಳಂದು ಕಂಪನಿಗಳ ನಡುವೆ ಬ್ಯಾಸ್ಕೆಟ್‌ಬಾಲ್ ಲೀಗ್ ನಡೆಯುತ್ತದೆ. ಆಡುವವರು ಫಿಲಿಪೀನಿನವರು, ಲೆಬನಾನಿನವರು, ನಮ್ಮವರು. ವಾರವೆಲ್ಲ ವೆಲ್ಡಿಂಗ್, ವೈರಿಂಗ್, ಗೋದಾಮು. ಶುಕ್ರವಾರ ಆಟ. ಚೆನ್ನಾಗಿ ಆಡುವವನಿಗೆ ಕಂಪನಿಗಳು ಕರೆದು ಕೆಲಸ ಕೊಡುತ್ತವೆ. ಹಾಗಾಗಿ ಋತುವಿನ ನಡುವೆ ಎರಡು ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಂಡರೆ ಅಂಗಿಯ ಬಣ್ಣ ಬದಲಾದರೆ ಸಾಲದು. ಹಳೆಯ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ ಬಿಟ್ಟುಕೊಡಬೇಕು, ಹೊಸ ಕಫೀಲ್ ತೆಗೆದುಕೊಳ್ಳಬೇಕು, ಇಕಾಮಾ ಬದಲಾಗಬೇಕು. ಹೊಸ ಕಂಪನಿಯಲ್ಲಿ ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ. ಅಷ್ಟರೊಳಗೆ ಬೇಡವೆಂದರೆ ಖಲಾಸ್, ಊರಿಗೆ ಟಿಕೆಟ್. ಅಮೆರಿಕದ ದೊಡ್ಡ ಲೀಗುಗಳಲ್ಲಿ ಇಂಥ ವಿನಿಮಯವಾದಾಗ ತಂಡದ ಸರಾಸರಿ ಏರಿತೋ ಇಳಿಯಿತೋ ಎಂದು ಟಿವಿಯಲ್ಲಿ ಚರ್ಚೆ ಮಾಡುತ್ತಾರೆ. ಇಲ್ಲಿ ಅದೇ ಸರಾಸರಿಯ ಮೇಲೆ ಒಬ್ಬನ ವಾಸ ನಿಂತಿರುತ್ತದೆ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ವಿನಿಮಯವಾಯಿತು. ಫಹಾಹೀಲಿನಲ್ಲಿ ಜನರೇಟರ್ ರಿಪೇರಿ ಮಾಡುವ ಒಂದು ಕಂಪನಿಯ ತಂಡ. ಸಾಲ್ಮಿಯಾದಲ್ಲಿ ಲಿಫ್ಟ್ ಕಂಪನಿಯದೊಂದು ತಂಡ. ಜನರೇಟರ್ ತಂಡದಲ್ಲಿ ಚೆಂಡನ್ನು ನಡೆಸುವವನು ಮಹಾಂತೇಶ. ಧಾರವಾಡದ ಹುಡುಗ, ಎಲೆಕ್ಟ್ರಿಶಿಯನ್, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವನು. ಲಿಫ್ಟ್ ತಂಡದಲ್ಲಿ ಅದೇ ಜಾಗದಲ್ಲಿ ಆಡುತ್ತಿದ್ದವನು ಜುನ್, ಫಿಲಿಪೀನಿನ ಇಲೋಯಿಲೋ ಕಡೆಯವನು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಋತು ಅರ್ಧವಾದಾಗ ಮಹಾಂತೇಶ ಸಾಲ್ಮಿಯಾಕ್ಕೆ ಬಂದ, ಜುನ್ ಫಹಾಹೀಲಿಗೆ ಹೋದ.

ಎರಡು ತಿಂಗಳು ಕಳೆದ ಮೇಲೆ ನಾನು ಅರ್ಧ ಪುಟದ ಒಂದು ಲೇಖನ ಬರೆದೆ. ವಿನಿಮಯಕ್ಕೆ ಮೊದಲು, ವಿನಿಮಯದ ನಂತರ ಎಂದು ಎರಡು ಕಾಲಮ್ಮು. ಲೆಕ್ಕ ಸ್ಪಷ್ಟವಾಗಿತ್ತು. ಎರಡೂ ತಂಡಗಳ ಸೋಲು ಗೆಲುವು ಮೊದಲಿನಂತೆಯೇ ಸಮಸಮ. ಆದರೆ ಲಿಫ್ಟ್ ತಂಡ ಒಂದು ಪಂದ್ಯದಲ್ಲಿ ಗಳಿಸುವ ಅಂಕ ಇಳಿದಿತ್ತು, ಜನರೇಟರ್ ತಂಡದ್ದು ಏರಿತ್ತು. ಮಹಾಂತೇಶನ ಅಸಿಸ್ಟುಗಳು, ಅಂದರೆ ಅವನ ಪಾಸಿನಿಂದ ನೇರವಾಗಿ ಅಂಕವಾದ ಸಂದರ್ಭಗಳು, ಅರ್ಧಕ್ಕೆ ಬಂದಿದ್ದವು. ಜುನ್‌ನವು ಹೆಚ್ಚುಕಡಿಮೆ ಎರಡು ಪಟ್ಟಾಗಿದ್ದವು. ಈ ವಿನಿಮಯದಲ್ಲಿ ಸಾಲ್ಮಿಯಾದವರು ಸೋತರು ಎಂದು ಬರೆದೆ. ಶೀರ್ಷಿಕೆಯೂ ಅದೇ ಅರ್ಥದ್ದು. ಉಸ್ತಾದರು ರಜೆಯ ಮೇಲೆ ಖಾರ್ಟೂಮಿಗೆ ಹೋಗಿದ್ದರು. ಲೇಖನವನ್ನು ಎಲ್ಲರೂ ಹೊಗಳಿದರು.

ಲಿಫ್ಟ್ ಕಂಪನಿಯ ಮ್ಯಾನೇಜರ್ ಎಲಿಯಾಸ್ ಎಂಬ ಲೆಬನಾನಿನವರು. ತಂಡದ ಹುಚ್ಚು ಬಹಳ. ಅವರು ಆ ಅರ್ಧ ಪುಟವನ್ನು ಕತ್ತರಿಸಿ ತಮ್ಮ ಕೋಣೆಯ ಗಾಜಿಗೆ ಅಂಟಿಸಿದರಂತೆ. ಮಹಾಂತೇಶನನ್ನು ಕರೆದು, ಇನ್ನು ಒಂದು ತಿಂಗಳಿದೆ, ನೋಡೋಣ ಎಂದರಂತೆ. ಇದು ನನಗೆ ಗೊತ್ತಾದದ್ದು ಮಹಾಂತೇಶನೇ ಕಚೇರಿಗೆ ಬಂದಾಗ.

ಕಂಪನಿಯ ನೀಲಿ ಸಮವಸ್ತ್ರದಲ್ಲೇ ಬಂದಿದ್ದ. ಸ್ವಾಗತದ ಮೇಜಿನವನು ಅವನನ್ನು ಲಿಫ್ಟ್ ರಿಪೇರಿಗೆ ಬಂದವನೆಂದು ತಿಳಿದು ಮೇಲಿನ ಮಹಡಿಗೆ ಕಳಿಸಿಬಿಟ್ಟಿದ್ದ. ಅವನು ಅಲ್ಲಿ ನಮ್ಮ ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚದಿರುವುದನ್ನು ನೋಡಿ, ಅದನ್ನೂ ಸರಿಮಾಡಿ, ಆಮೇಲೆ ನನ್ನ ಮೇಜಿಗೆ ಬಂದ.

"ಅಕ್ಕಾರ, ನಾ ಜಗಳಾ ಮಾಡಾಕ ಬಂದಿಲ್ರಿ," ಎಂದ. "ನೀವು ಬರದದ್ದು ಓದಿದೆ. ತಪ್ಪು ಅಂತ ನಾ ಹೆಂಗ ಹೇಳ್ಲಿ, ಲೆಕ್ಕ ನಿಮ್ಮದು. ಆದ್ರ ನಾ ಮದಲ ಹೆಂಗ ಆಡತಿದ್ದೆ, ಈಗೂ ಹಂಗ ಆಡಾಕತ್ತೇನ್ರಿ. ಅಲ್ಲಿ ಬಂದ ಅಸಿಸ್ಟ್ ಇಲ್ಲಿ ಯಾಕ ಬರವಲ್ವು, ಅಷ್ಟ ಹೇಳ್ರಿ."

ಹೊಸ ತಂಡ, ಹೊಸ ಜೊತೆಗಾರರು, ಹೊಂದಿಕೊಳ್ಳಲು ಸಮಯ ಬೇಕಾಗುತ್ತದೆ ಎಂದು ನನಗೆ ಗೊತ್ತಿದ್ದ ಉತ್ತರ ಹೇಳಿದೆ. ಅವನು ತಲೆಯಾಡಿಸಿದ. ಹೊರಡುವ ಮುಂಚೆ, ತಿಂಗಳ ಕೊನೆಗೆ ಪರೀಕ್ಷೆಯ ಅವಧಿ ಮುಗಿಯುತ್ತದೆ, ಊರಲ್ಲಿ ಹೆಂಡತಿ ಪಾಸ್‌ಪೋರ್ಟ್ ಮಾಡಿಸಿಕೊಂಡು ಕೂತಿದ್ದಾಳೆ ಎಂದ. ಅದನ್ನು ದೂರಿನಂತೆ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೆ. ನಾನೇ ಕೇಳಿದ್ದೆ.

ಅವನು ಹೋದ ಮೇಲೆ ಹಾಳೆಗಳನ್ನು ತೆಗೆದು ಹರಡಿಕೊಂಡೆ. ಆಟಗಾರನೊಬ್ಬನ ಅಂಕ ಇಳಿಯಬಹುದು, ಓಟ ಇಳಿಯಬಹುದು. ಪಾಸ್ ಕೊಡುವ ಕೈ ಒಂದೇ ವಾರದಲ್ಲಿ ಅರ್ಧವಾಗುವುದು ವಿಚಿತ್ರ. ವಿಚಿತ್ರವೆಂದು ನನಗೆ ಮೊದಲೇ ಅನ್ನಿಸಬೇಕಿತ್ತು. ಹಾಳೆಗಳನ್ನು ಆಟಗಾರರ ಹೆಸರಿನಂತೆ ಜೋಡಿಸಿದ್ದನ್ನು ಬಿಟ್ಟು ಕ್ರೀಡಾಂಗಣದಂತೆ ಜೋಡಿಸಿದೆ. ಫಹಾಹೀಲಿನಲ್ಲಿ ನಡೆದ ಪಂದ್ಯಗಳೆಲ್ಲ ಒಂದು ಕಡೆ, ಸಾಲ್ಮಿಯಾದಲ್ಲಿ ನಡೆದವು ಇನ್ನೊಂದು ಕಡೆ. ಯಾವ ತಂಡ ಬಂದರೂ, ಯಾರೇ ಆಡಿದರೂ, ಫಹಾಹೀಲಿನ ಹಾಳೆಯಲ್ಲಿ ಅಸಿಸ್ಟಿಗೊಂದರಂತೆ ಹಾಕುವ ಗೆರೆಗಳು ತುಂಬಿದ್ದವು. ಸಾಲ್ಮಿಯಾದ ಹಾಳೆಯಲ್ಲಿ ವಿರಳವಾಗಿದ್ದವು.

ನಮ್ಮ ಲೀಗಿನ ಪದ್ಧತಿ ಹೀಗಿತ್ತು: ತಂಡಗಳು ಹೆಚ್ಚಿನ ಪಂದ್ಯ ಆಡುವುದು ತಮ್ಮ ಊರಿನ ಕ್ರೀಡಾಂಗಣದಲ್ಲೇ, ಪ್ರತಿ ಕ್ರೀಡಾಂಗಣದ ಮೇಜಿನಲ್ಲಿ ಒಬ್ಬರೇ ಲೆಕ್ಕ ಬರೆಯುವವರು, ಎಲ್ಲ ಶುಕ್ರವಾರವೂ ಅವರೇ. ಫಹಾಹೀಲಿನಲ್ಲಿ ಅಬ್ದುಲ್ ಹಮೀದ್ ಎಂಬ ಉಳ್ಳಾಲದವರು, ಒಂದು ಶಾಲೆಯ ಸ್ಟೋರಿನಲ್ಲಿ ಕೆಲಸ. ನಾವೆಲ್ಲ ಹಮೀದಾಕ ಎನ್ನುತ್ತೇವೆ. ಸಾಲ್ಮಿಯಾದ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದವಳು ನಾನು.

ಅಂದರೆ ಕಣ್ಣಾರೆ ಕಂಡವರು ಯಾರು ಎಂಬ ಪ್ರಶ್ನೆಗೆ ಉತ್ತರ ನನ್ನ ಬಳಿ ಇತ್ತು. ಒಬ್ಬರು ಹಮೀದಾಕ, ಒಬ್ಬಳು ನಾನು. ಇಬ್ಬರೂ ಪ್ರಾಮಾಣಿಕರು. ಇಬ್ಬರ ಅಂಕಿಯನ್ನೂ ಒಂದೇ ಕಾಲಮ್ಮಿನಲ್ಲಿ ಹಾಕಿ ವರ್ಷಗಟ್ಟಲೆ ಹೋಲಿಸಿದ್ದೆ.

ಶನಿವಾರ ಬೆಳಿಗ್ಗೆ ರಿಗ್ಗೈಯಲ್ಲಿರುವ ಹಮೀದಾಕರ ಮನೆಗೆ ಹೋದೆ. ಅವರ ಹೆಂಡತಿ ಹಾಲಿಲ್ಲದ ಸುಲೈಮಾನಿ ಚಹಾ ತಂದಿಟ್ಟರು. ವಿಷಯ ಹೇಳಿದೆ.

"ಎಂತ ಸಿಸಿಲಿಯಾ ಬಾಯಿ, ನಾನು ಸುಳ್ಳು ಬರೆದೆ ಅಂತಲಾ?"

ಹಾಗಲ್ಲ ಎಂದೆ. ಒಂದು ಪ್ರಶ್ನೆ ಕೇಳಿದೆ. ಒಬ್ಬ ಪಾಸ್ ಕೊಟ್ಟ, ಇನ್ನೊಬ್ಬ ಚೆಂಡು ಹಿಡಿದ, ಹಿಡಿದವನು ಎರಡು ಸಲ ನೆಲಕ್ಕೆ ಬಡಿದು, ಎದುರಿನವನನ್ನು ತಪ್ಪಿಸಿ, ಆಮೇಲೆ ಅಂಕ ಮಾಡಿದ. ಮೊದಲಿನವನಿಗೆ ಅಸಿಸ್ಟ್ ಕೊಡುತ್ತೀರಾ?

"ಮತ್ತೆ? ಅವ ಚೆಂಡು ಕೊಡದಿದ್ದರೆ ಇವ ಎಲ್ಲಿಂದ ಹಾಕುವುದು?"

ನಾನು ಕೊಡುವುದಿಲ್ಲ ಎಂದೆ. ಹಿಡಿದವನು ಕೂಡಲೇ ಎಸೆದರೆ ಮಾತ್ರ ಕೊಡುತ್ತೇನೆ. ನಡುವೆ ಅವನು ತನ್ನ ಸ್ವಂತ ಕೆಲಸ ಮಾಡಿದರೆ ಆ ಅಂಕ ಅವನದೇ.

ಹಮೀದಾಕ ಚಹಾದ ಲೋಟ ಕೆಳಗಿಟ್ಟರು. "ಆರು ದಿವಸ ಬಿಸಿಲಲ್ಲಿ ಜನರೇಟರ್ ಎತ್ತಿ ಬರ್ತಾರೆ. ಆಟ ಮುಗಿದ ಕೂಡ್ಲೆ ಮೇಜಿಗೆ ಬಂದು ಹಾಳೆ ನೋಡ್ತಾರೆ, ನನಗೆ ಎಷ್ಟು ಬಂತು ಅಂತ. ಒಂದು ಗೆರೆ ಹಾಕಿದ್ರೆ ನಿಮ್ಮ ಪೇಪರಿಗೆ ಎಂತ ನಷ್ಟ?"

ನಷ್ಟ ಯಾರಿಗೆ ಆಯಿತು ಎಂದು ಹೇಳಿದೆ. ಮಹಾಂತೇಶ ಅವರಿಗೆ ಗೊತ್ತಿದ್ದ ಹುಡುಗ. ಅವರ ಗೆರೆಗಳಲ್ಲಿ ಮೇಲೇರಿ, ನನ್ನ ಗೆರೆಗಳಲ್ಲಿ ಕೆಳಗಿಳಿದಿದ್ದ. ಹಮೀದಾಕ ಎದ್ದು ಹೋಗಿ ಮಗಳ ಲ್ಯಾಪ್‌ಟಾಪ್ ತಂದರು.

ಹೆಚ್ಚಿನ ಪಂದ್ಯಗಳನ್ನು ಯಾರಾದರೂ ಫೋನಿನಲ್ಲಿ ಚಿತ್ರೀಕರಿಸಿ ಫೇಸ್‌ಬುಕ್ಕಿಗೆ ಹಾಕಿರುತ್ತಾರೆ. ಸಾಲ್ಮಿಯಾದವನ್ನು ಆಟಗಾರರ ಹೆಂಡತಿಯರು, ಫಹಾಹೀಲಿನವನ್ನು ಫಿಲಿಪೀನಿನವರ ಒಂದು ಗುಂಪು. ನಾವಿಬ್ಬರೂ ನಾಲ್ಕು ಶನಿವಾರಗಳ ಕೆಲಸವನ್ನು ಎರಡು ಶನಿವಾರದಲ್ಲಿ ಮುಗಿಸಿದೆವು. ನಿಯಮ ಒಂದೇ: ಹಿಡಿದವನು ಒಂದಕ್ಕಿಂತ ಹೆಚ್ಚು ಸಲ ಚೆಂಡು ಬಡಿದರೆ ಗೆರೆ ಇಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಬರೆಯುವುದು. ನನ್ನ ಬಿಗಿಯೂ ಎಲ್ಲ ಕಡೆ ಸರಿಯಿರಲಿಲ್ಲ. ಒಂದೇ ಸಲ ಬಡಿದು ಎಸೆದ ಎಷ್ಟೋ ಪಾಸುಗಳನ್ನು ನಾನು ನಿರ್ದಯವಾಗಿ ಬಿಟ್ಟುಬಿಟ್ಟಿದ್ದೆ. ಅಂಥದ್ದು ಬಂದಾಗಲೆಲ್ಲ ಹಮೀದಾಕ ಪರದೆಯನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. "ಇದು ಎಲ್ಲಿ ಹೋಯ್ತು ಬಾಯಿ? ನಿಮಗೆ ಆಗ ಕಣ್ಣಿಗೆ ಧೂಳು ಬಿದ್ದದ್ದಾ?"

ಒಂದೇ ಅಳತೆಯಲ್ಲಿ ಅಳೆದಾಗ ಮಹಾಂತೇಶನ ಅಸಿಸ್ಟುಗಳು ಎರಡೂ ತಂಡಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದವು. ಇನ್ನೊಂದನ್ನೂ ಆಗಲೇ ಗಮನಿಸಿದೆ. ಅವನು ಬಂದ ಮೇಲೆ ಲಿಫ್ಟ್ ತಂಡ ನಿಧಾನವಾಗಿ ಆಡತೊಡಗಿತ್ತು. ಚೆಂಡನ್ನು ಹಿಡಿದು, ನೋಡಿ, ಜಾಗ ಹುಡುಕಿ ಎಸೆಯುತ್ತಿದ್ದರು. ಹಾಗಾಗಿ ಒಂದು ಪಂದ್ಯದಲ್ಲಿ ಚೆಂಡು ಅವರ ಕೈಗೆ ಬರುವ ಸಲ ಕಡಿಮೆಯಾಗಿತ್ತು, ಎದುರಾಳಿಗಳ ಕೈಗೂ ಕಡಿಮೆಯಾಗಿತ್ತು. ಗಳಿಸಿದ ಅಂಕ ಇಳಿದಿತ್ತು. ಬಿಟ್ಟುಕೊಟ್ಟ ಅಂಕವೂ ಅಷ್ಟೇ ಇಳಿದಿತ್ತು. ನಾನು ಮೊದಲನೆಯದನ್ನು ಮಾತ್ರ ಅಚ್ಚು ಮಾಡಿದ್ದೆ. ಪಂದ್ಯಕ್ಕೆ ಎಷ್ಟು ಎನ್ನುವ ಬದಲು ಚೆಂಡು ಕೈಗೆ ಬಂದ ಸಲಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ, ಲಿಫ್ಟ್ ತಂಡ ಮೊದಲಿಗಿಂತ ತುಸು ಚೆನ್ನಾಗಿಯೇ ಆಡುತ್ತಿತ್ತು. ಜುನ್ ಓಡಿಸಿ ಆಡುವವನು. ಅವನು ಅಲ್ಲಿಗೆ ಹೋದ ಮೇಲೆ ಜನರೇಟರ್ ತಂಡದ ಪಂದ್ಯಗಳು ವೇಗವಾದವು, ಎರಡೂ ಕಡೆಯ ಅಂಕಗಳು ಉಬ್ಬಿದವು. ಒಟ್ಟಾರೆ ತಂಡ ಇದ್ದಲ್ಲೇ ಇತ್ತು.

ಎರಡನೇ ಶನಿವಾರ ಮಧ್ಯಾಹ್ನ, ವಿನಿಮಯದ ನಂತರದ ಫಹಾಹೀಲಿನ ಪಂದ್ಯಗಳಿಗೆ ಬಂದೆವು. ಜುನ್‌ನ ಪಾಸುಗಳನ್ನು ಒಂದೊಂದಾಗಿ ನೋಡುತ್ತಿದ್ದೆವು. ಇದಕ್ಕೆ ಗೆರೆ ಇಲ್ಲ, ಇದಕ್ಕೂ ಇಲ್ಲ ಎಂದು ನಾನು ಹೇಳುತ್ತಿದ್ದಂತೆ ಹಮೀದಾಕ ಪೆನ್ನು ಕೆಳಗಿಟ್ಟರು.

"ಒಂದು ಕೇಳ್ತೇನೆ ಬಾಯಿ. ಇಬ್ಬರೂ ಒಂದೇ ದಿವಸ ಬದಲಾದದ್ದಲ್ವಾ?"

ಹೌದು ಎಂದೆ.

"ಹಾಗಾದ್ರೆ ಇವನ ಮೂರು ತಿಂಗಳು ಸಾ ಅದೇ ದಿವಸ ಮುಗಿಯುವುದು. ನೀವು ಅವನನ್ನು ಎತ್ಲಿಕ್ಕೆ ಇವನನ್ನು ಇಳಿಸ್ಬೇಕಾಗ್ತದೆ. ಗೊತ್ತುಂಟಾ?"

ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ. ನನ್ನ ಮೇಜಿಗೆ ಬಂದವನು ಮಹಾಂತೇಶ. ಜುನ್ ಬಂದಿರಲಿಲ್ಲ, ಬರುವ ಕಾರಣವೂ ಇರಲಿಲ್ಲ.

ಉಸ್ತಾದರು ರಜೆ ಮುಗಿಸಿ ಬಂದಿದ್ದರು. ಭಾನುವಾರ ಎಲ್ಲವನ್ನೂ ಅವರ ಮುಂದಿಟ್ಟೆ. ನನ್ನ ಬಳಿ ಒಂದು ಉಪಾಯವೂ ಇತ್ತು. ಲೇಖನದಲ್ಲಿ ಸೋತವರು ಎಂದು ಬರೆದದ್ದು ಸಾಲ್ಮಿಯಾ ತಂಡವನ್ನು. ಹಾಗಾಗಿ ಅವರ ಅಂಕಿಗಳನ್ನು ಮಾತ್ರ ತಿದ್ದಿದರೆ ಸಾಕಲ್ಲವೇ ಎಂದೆ. ಫಹಾಹೀಲಿನವನ್ನು ಋತು ಮುಗಿದ ಮೇಲೆ ನೋಡಬಹುದು.

ಅವರು ಹಾಳೆಗಳನ್ನು ನಿಧಾನವಾಗಿ ಓದಿದರು. ಕನ್ನಡಕ ತೆಗೆದರು. "ನಿನ್ನ ಲೇಖನದಲ್ಲಿ ಎಷ್ಟು ತಂಡಗಳ ಅಂಕಿ ಇತ್ತು?"

ಎರಡೂ ತಂಡಗಳದ್ದು ಎಂದೆ.

"ತಪ್ಪು ಎರಡು, ತಿದ್ದುಪಡಿ ಒಂದೇ ಎಂದರೆ ಅದಕ್ಕೆ ಬೇರೆ ಹೆಸರಿದೆ." ಕನ್ನಡಕವನ್ನು ಮತ್ತೆ ಹಾಕಿಕೊಂಡು ಹೇಳಿದರು. "ಫಹಾಹೀಲಿನ ಆ ಹುಡುಗನ ಬಗ್ಗೆ ನನಗೂ ಬೇಸರವಿದೆ. ನೀನು ಬರೆಯಬೇಕಾದದ್ದು ಅವನ ಆಟ ಕೆಟ್ಟಿತು ಎಂದಲ್ಲ. ನಾವು ಅಳೆದದ್ದು ತಪ್ಪು ಎಂದು. ಅದನ್ನು ಮೊದಲ ವಾಕ್ಯದಲ್ಲೇ ಬರೆ. ನಿನ್ನ ಹೆಸರು ಹಾಕಿ ಬರೆ."

ಹಾಗೆಯೇ ಬರೆದೆ. ಅರ್ಧ ಪುಟ, ಅದೇ ಜಾಗ, ಅದೇ ಅಳತೆಯ ಶೀರ್ಷಿಕೆ. ಎರಡು ಮೇಜಿನಲ್ಲಿ ಎರಡು ಅಳತೆ ಇತ್ತು, ಅದನ್ನು ಕಾಣದೆ ಹೋಲಿಸಿದವಳು ನಾನು, ಇಬ್ಬರು ಆಟಗಾರರ ಆಟದಲ್ಲೂ ವಿನಿಮಯದಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅಚ್ಚಾಗುವ ಮುಂಚೆ ಜುನ್‌ಗೆ ಫೋನ್ ಮಾಡಿ ತಿಳಿಸಿದೆ. ಅವನ ಹಿಂದಿಯೂ ನನ್ನ ಹಿಂದಿಯೂ ಗೋದಾಮಿನ ಹಿಂದಿ. ಪೂರ್ತಿ ಕೇಳಿಸಿಕೊಂಡು, ಠೀಕ್ ಹೈ ಮೇಡಂ ಎಂದ. ಎರಡು ಸಲ ಹೇಳಿದ.

ಎಲಿಯಾಸ್ ಹಳೆಯ ಪುಟವನ್ನು ಗಾಜಿನಿಂದ ಕಿತ್ತು ಹೊಸದನ್ನು ಅಂಟಿಸಿದರು. ಮಹಾಂತೇಶನ ಕೆಲಸ ಖಾಯಂ ಆಯಿತು. ಅವನು ಫೋನ್ ಮಾಡಿ, "ಅಕ್ಕಾರ, ಆತ್ರಿ," ಎಂದ. ಹೆಂಡತಿಯ ವೀಸಾಕ್ಕೆ ಏನೇನು ಕಾಗದ ಬೇಕು ಎಂದು ನನ್ನ ಗಂಡನನ್ನು ಕೇಳಿದ. ಆಮೇಲೆ ತಡೆದು, "ಜುನ್‌ದು ಏನಾತ್ರಿ?" ಎಂದ. ಇನ್ನೂ ಗೊತ್ತಿಲ್ಲ ಎಂದೆ.

ಮೂರು ದಿನದ ನಂತರ ಗೊತ್ತಾಯಿತು. ಜನರೇಟರ್ ಕಂಪನಿ ಅವನನ್ನು ಉಳಿಸಿಕೊಳ್ಳಲಿಲ್ಲ. ಕೆಲಸದ ಆರ್ಡರುಗಳು ಕಡಿಮೆಯಾಗಿವೆ ಎಂಬುದು ಅವರು ಕೊಟ್ಟ ಕಾರಣ. ಅದೇ ನಿಜವಾದ ಕಾರಣವಿರಬಹುದು. ನನ್ನ ತಿದ್ದುಪಡಿಯ ಪುಟ ಅಲ್ಲಿಯ ಮ್ಯಾನೇಜರರ ಮೇಜಿನ ಮೇಲೆ ಮಡಚಿ ಇಟ್ಟದ್ದನ್ನು ಹಮೀದಾಕ ನೋಡಿದ್ದಾರೆ. ಎರಡನ್ನೂ ಇಲ್ಲಿ ದಾಖಲಿಸುತ್ತೇನೆ. ಎರಡರಲ್ಲಿ ಯಾವುದು ಹೆಚ್ಚು ತೂಗಿತು ಎಂದು ಹೇಳಲು ನನ್ನ ಬಳಿ ಸಾಕ್ಷಿ ಇಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಆ ಹಳೆಯ ಹಾಳೆಗಳನ್ನು ಎರಡು ವರ್ಷ ಮೊದಲೇ ಕ್ರೀಡಾಂಗಣದಂತೆ ಜೋಡಿಸಿ ನೋಡಿದ್ದರೆ, ಈ ವಿನಿಮಯವಾಗುವ ಹೊತ್ತಿಗೆ ಇಬ್ಬರ ಅಂಕಿಯೂ ಸರಿಯಾಗಿರುತ್ತಿತ್ತು. ಯಾರನ್ನೂ ಎತ್ತಿ ಇಳಿಸಬೇಕಾಗಿರಲಿಲ್ಲ.

ಲೀಗಿನವರು ಪದ್ಧತಿ ಬದಲಿಸಿದರು. ಇನ್ನು ಮುಂದೆ ಪ್ರತಿ ಮೇಜಿನಲ್ಲೂ ಇಬ್ಬರು, ಬೇರೆ ಬೇರೆ ಊರಿನ ಇಬ್ಬರು, ಇಬ್ಬರೂ ಒಪ್ಪಿದರೆ ಗೆರೆ. ಈಗ ಪ್ರೋಗ್ರಾಂ ಬಂದಿದ್ದರೂ ಈ ನಿಯಮ ಹಾಗೆಯೇ ಇದೆ. ಗುಂಡಿ ಒತ್ತುವ ಬೆರಳು ಮನುಷ್ಯನದೇ ತಾನೇ. ನನ್ನ ಜಾಗಕ್ಕೆ ಬಂದ ಹುಡುಗಿಗೆ ನಾನು ಫೋನಿನಲ್ಲಿ ಹೇಳಲು ಹೊರಟದ್ದೂ ಇದನ್ನೇ.

ಹೊಸ ಪದ್ಧತಿಯ ಮೊದಲ ಶುಕ್ರವಾರ ನನ್ನನ್ನು ಫಹಾಹೀಲಿಗೆ ಹಾಕಿದರು. ಹಮೀದಾಕರ ಪಕ್ಕದಲ್ಲಿ ಕೂತೆ. ಜುನ್‌ಗೆ ಟಿಕೆಟ್ ಆಗಿತ್ತು, ಮುಂದಿನ ವಾರದ ವಿಮಾನ. ಆದರೂ ಹೆಸರು ಪಟ್ಟಿಯಲ್ಲಿತ್ತು, ಆಡಲು ಬಂದಿದ್ದ. ನಮ್ಮನ್ನು ನೋಡಿ ಕೈಯೆತ್ತಿದ.

ಚೆನ್ನಾಗಿ ಆಡಿದ. ಕೊನೆಯ ಭಾಗದಲ್ಲಿ, ಅಂಕಗಳು ಸಮವಾಗಿದ್ದಾಗ, ಮಧ್ಯದ ಗೆರೆಯಿಂದ ಒಂದು ಉದ್ದದ ಪಾಸ್ ಕೊಟ್ಟ. ಇಬ್ಬರ ನಡುವಿನ ಸಂದಿಯಲ್ಲಿ ನುಗ್ಗಿ ಹೋದ ಆ ಪಾಸನ್ನು ನೋಡಿ ಪ್ರೇಕ್ಷಕರು ಎದ್ದು ನಿಂತರು. ಹಿಡಿದವನು ಬುಟ್ಟಿಯ ಕೆಳಗೆ ಒಬ್ಬನೇ ಇದ್ದ. ಕೂಡಲೇ ಎಸೆಯಬಹುದಿತ್ತು. ಏನೋ ಅಳುಕಿ ಒಂದು ಸಲ ಬಡಿದ, ತಿರುಗಿದ, ಇನ್ನೊಂದು ಸಲ ಬಡಿದ, ಅಷ್ಟರಲ್ಲಿ ಓಡಿ ಬಂದ ಎದುರಾಳಿಯನ್ನು ತಪ್ಪಿಸಿ ಹಾಕಿದ.

ಹಮೀದಾಕರ ಪೆನ್ನು ಹಾಳೆಯ ಮೇಲೆ ನಿಂತಿತ್ತು. ಅವರು ನನ್ನ ಕಡೆ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಪೆನ್ನನ್ನು ಎತ್ತಿದರು.

ಆಟ ಮುಗಿದ ಮೇಲೆ ಎಲ್ಲರಂತೆ ಜುನ್ ಕೂಡ ಮೇಜಿಗೆ ಬಂದ. ಬೆವರು ಹಾಳೆಗೆ ಬೀಳದಂತೆ ದೂರ ನಿಂತು ಬಗ್ಗಿ, ತನ್ನ ಸಾಲನ್ನು ಬೆರಳಿನಿಂದ ಹಿಡಿದು ಕೊನೆಯವರೆಗೆ ಓದಿದ. ಆ ಪಾಸಿನ ಜಾಗಕ್ಕೆ ಬಂದಾಗ ಬೆರಳು ನಿಂತಿತು. "ಯೇ ನಹೀಂ?" ಎಂದ. ನಾನು ಎರಡು ಬೆರಳು ಎತ್ತಿ, ಎರಡು ಸಲ ಬಡಿದ ಎಂದು ತೋರಿಸಿದೆ.

ಅವನು ಯೋಚಿಸಿದ. ಕಣ್ಣಿನಲ್ಲೇ ಆ ಪಾಸನ್ನು ಮತ್ತೊಮ್ಮೆ ಆಡಿ ನೋಡಿದಂತೆ ಕಂಡ. "ಹಾಂ, ದೋ," ಎಂದ. ಆಮೇಲೆ ಅಂಗಿಯ ತುದಿಯಿಂದ ಕೈ ಒರೆಸಿಕೊಂಡು, ಫೋನ್ ತೆಗೆದು, ಹಾಳೆ ಪೂರ್ತಿ ಬರುವಂತೆ ಎರಡು ಸಲ ಫೋಟೊ ಹೊಡೆದ. ಕೆಳಗೆ ನಮ್ಮಿಬ್ಬರ ಸಹಿ ಬೇಕೆಂದ. ಹಮೀದಾಕ ಮೊದಲು ಹಾಕಿದರು, ನಾನು ಆಮೇಲೆ. ಅವನು ಮೂರನೆಯ ಸಲ ಫೋಟೊ ಹೊಡೆದ.